ಮೆಚ್ಚಿನ ಹಾಡು ಪದೇ ಪದೇ ಕೇಳಿ ಬೇಸರ ಬರದಂತೆ ಏನು ಮಾಡಬೇಕು?

ಮೊದಲು ರಿಪೀಟ್ ಒತ್ತುವುದನ್ನು ಬಿಡಿ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ತಾಸು. ನಾಲ್ಕೂವರೆ ನಿಮಿಷದ ಹಾಡು ಇಳಿಯುವಷ್ಟರಲ್ಲಿ 10 ಸಲ ಮುಗಿದಿರುತ್ತದೆ. ಮೊದಮೊದಲು ಕೇಳಿದಷ್ಟೂ ಹಿಡಿಸುತ್ತದೆ, ಏಕೆಂದರೆ ಮುಂದೇನು ಬರುತ್ತದೆ ಎಂಬುದು ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಪೂರ್ತಿ ಬಾಯಿಪಾಠವಾದ ಮೇಲೆ ಊಹಿಸಲು ಏನೂ ಉಳಿಯುವುದಿಲ್ಲ. ಒಂದೇ ಸಾಲು ಸುತ್ತುವ ಹಾಡು ಬೇಗ ಸವೆಯುವುದೂ ಇದಕ್ಕೇ.

ದಿನಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ ಸಾಕು. 30–40 ಹಾಡುಗಳ ಪಟ್ಟಿಯಲ್ಲಿ ಸೇರಿಸಿ ಶಫಲ್ ಹಾಕಿ. ನಡುವೆಯೇ ಸ್ಕಿಪ್ ಮಾಡುವ ಮನಸ್ಸಾಯಿತೆಂದರೆ ತಡಮಾಡದೆ ಪಟ್ಟಿಯಿಂದ ತೆಗೆದು 3–4 ವಾರ ಮುಟ್ಟಬೇಡಿ. ಅಲಾರಾಂಗಂತೂ ಇಡಲೇಬೇಡಿ, ನಿದ್ದೆ ಕೆಟ್ಟ ಕಿರಿಕಿರಿ ಹಾಡಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ಕಷ್ಟ.

ಕೇಳುವ ರೀತಿಯನ್ನೂ ಬದಲಿಸಿ. ಒಮ್ಮೆ ಇಯರ್‌ಫೋನ್ ಹಾಕಿಕೊಂಡು ತಬಲಾ ಮಾತ್ರ ಹಿಂಬಾಲಿಸಿ: ಸಮ್ (ತಾಳದ ಪ್ರತಿ ಸುತ್ತಿನ ಮೊದಲ ಪೆಟ್ಟು) ಯಾವ ಅಕ್ಷರದ ಮೇಲೆ ಬೀಳುತ್ತದೆ, ಪಲ್ಲವಿಗೆ ಮರಳುವ ಮುನ್ನ ಕೈ ಏನು ಮಾಡುತ್ತದೆ ನೋಡಿ. ಇನ್ನೊಮ್ಮೆ ಹಾರ್ಮೋನಿಯಂ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ಖ್ಯಾಲ್ (ಹಿಂದೂಸ್ತಾನಿ ಗಾಯನದ ಒಂದು ಪ್ರಕಾರ) ವರ್ಷಗಟ್ಟಲೆ ಹಳತಾಗದಿರಲು ನನ್ನ ಪ್ರಕಾರ ಕಾರಣ ಸ್ಪಷ್ಟ: ರಾಗಕ್ಕೆ ಕಟ್ಟಿದ ಹಾಡಾದ ಬಂದಿಶ್‌ನ ಸಾಲು ಅವೇ ಇದ್ದರೂ ಆಲಾಪ, ತಾನ್ (ವೇಗದ ಸ್ವರಗಳ ಓಟ) ಪ್ರತಿ ಕಛೇರಿಯಲ್ಲೂ ಬೇರೆ. ಒಂದೇ ರಾಗದ ಎರಡು ಧ್ವನಿಮುದ್ರಣ ಹುಡುಕಿ, ಒಂದರ ಹಿಂದೆ ಒಂದು ಕೇಳಿ.