ಪ್ರತಿಕ್ರಿಯೆ: ಅದೃಷ್ಟದ ದಾರ ಕಡಿದಿದೆ, ಶುಕ್ರವಾರ ಇಂಟರ್‌ವ್ಯೂ ಬೇರೆ, ಹೋಗಲಾ?

ಹೋಗಿ. ತೊಂದರೆ ಇರುವುದು ಕಡಿದ ದಾರದಲ್ಲಲ್ಲ, ಅದು ಕಡಿದಾಗಿನಿಂದ ನಿಮ್ಮನ್ನು ಹಿಡಿದಿರುವ ಗಾಬರಿಯಲ್ಲಿ. ಹಿಂದಿನ ಎರಡು ಇಂಟರ್‌ವ್ಯೂ ದಾರ ಇದ್ದಾಗಲೇ ಪಾಸಾಯಿತು ಅಂತೀರಿ. ದಾರ ಇದ್ದೂ ಕೈತಪ್ಪಿದವು ಎಷ್ಟು? ಮೊದಲು ಅವನ್ನೂ ಬರೆದು ನೋಡಿ. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳಿಗೆ ನಿಗದಿತ ಹೊತ್ತಿಗೆ ಸುಮ್ನೆ ಕಾಳು ಸಿಗುವಂತೆ ಮಾಡಿದರು. ಒಂದು ಹಕ್ಕಿ, ತಾನು ಸುತ್ತಿದ್ದಕ್ಕೇ ಕಾಳು ಬಂತೇನೋ ಎಂಬಂತೆ, ಗಿರಗಿರ ಸುತ್ತುತ್ತಲೇ ಇತ್ತು!

ಇಂಥ ದಾರ, ತಾಯತದಿಂದ ಧೈರ್ಯವಾದರೂ ಬರುತ್ತಾ? ಅದು ಇನ್ನೂ ಇತ್ಯರ್ಥವಾಗಿಲ್ಲ. 2010ರ ಜರ್ಮನಿಯ ಪ್ರಯೋಗವೊಂದರಲ್ಲಿ, ಇದು ಅದೃಷ್ಟದ ಚೆಂಡು ಎಂದು ಹೇಳಿ ಕೊಟ್ಟಾಗ ಜನ ಗಾಲ್ಫ್ ಚೆಂಡನ್ನು ಜಾಸ್ತಿ ಸಲ ಗುಳಿಗೆ ಹಾಕಿದರು. 2014ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿದಾಗ ಆ ಫಲ ಕಾಣಲಿಲ್ಲ. ಸಮಾಧಾನ ಆಗುತ್ತದೆ ಅನ್ನಿಸಿದರೆ ಸಂಜೆ ಗಾಳಿ ಆಂಜನೇಯನ ಗುಡಿಗೆ ಹೋಗಿ ಬನ್ನಿ. ಹೊಸ ದಾರಕ್ಕೆ ಸಾವಿರಗಟ್ಟಲೆ ಕೇಳುವವರ ಸಹವಾಸ ಮಾತ್ರ ಬೇಡ.

ಆಮೇಲೆ ಉತ್ತರಗಳನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ನಿಮ್ಮ ಇಂಟರ್‌ವ್ಯೂ ಇರುವ ಶುಕ್ರವಾರ 11 ಗಂಟೆ ರಾಹುಕಾಲ, ನಿಜ. ಅದೇ ಹೊತ್ತಿಗೆ ಕೂರುವ ಉಳಿದವರಿಗೂ ಅದೇ ರಾಹುಕಾಲ ಅಲ್ವಾ? ಟೈಮ್ ಬದಲಿಸಿ ಅಂತ ಎಚ್‌ಆರ್‌ಗೆ ಕೇಳಬೇಡಿ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಕಾರಿನ ಬದಲು ನೇರಳೆ ಮಾರ್ಗದ ಮೆಟ್ರೋ ಹಿಡಿಯಿರಿ. ಎಂಟೂವರೆಗೇ ಹೊರಡಿ.