ಟಿ.ಸಿ. ತೆಗೆಯುವ ಮುನ್ನ

ಓದುಗರ ಪತ್ರ: ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ, ಒಂದರಿಂದಲೂ ಅಲ್ಲೇ. ಕ್ಲಾಸಿಗೆ ಮೊದಲು ಬರುತ್ತಾಳೆ. ನವೋದಯ ಪರೀಕ್ಷೆಯ ಹಳೇ ಪತ್ರಿಕೆಯೊಂದನ್ನು ಮೂರು ಗಂಟೆ ಕೂತು ಬರೆದಳು, 80ಕ್ಕೆ 61 ಸರಿ. ಬುದ್ಧಿಶಕ್ತಿ ಭಾಗದಲ್ಲಿ 26, ಗಣಿತ 17, ಭಾಷೆ 18. ಪಟ್ಟಣದ ಕೋಚಿಂಗ್‌ನವರು ‘ಟಿ.ಸಿ. ತಂದು ನಮ್ಮ ಶಾಲೆಗೇ ಸೇರಿಸಿ, ಸೀಟು ಗ್ಯಾರಂಟಿ’ ಅನ್ನುತ್ತಾರೆ. ಬಳೆ ಅಡ ಇಟ್ಟು ದುಡ್ಡು ಹೊಂದಿಸಬೇಕು. ಇವಳಿಗೆ ಸೀಟು ಸಿಗಬಹುದಾ? ಹೇಳಿ ಸಾರ್.

ಸಂಪಾದಕರ ಉತ್ತರ:

ಮೊದಲು ಬಳೆ ಕೈಯಲ್ಲೇ ಇರಲಿ, ತಾಯಿ. ಟಿ.ಸಿ.ಯನ್ನಂತೂ ದಯವಿಟ್ಟು ತೆಗೆಯಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಕೇಂದ್ರ ಸರ್ಕಾರದ ವಸತಿ ಶಾಲೆಯಾದ ಜವಾಹರ ನವೋದಯ ವಿದ್ಯಾಲಯದಲ್ಲಿ ಆರನೇ ತರಗತಿಗೆ ತೆಗೆದುಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಅದರಲ್ಲಿ ಕನಿಷ್ಠ ಶೇ. 75, ಅಂದರೆ 60 ಸೀಟು ಗ್ರಾಮೀಣ ಮಕ್ಕಳದು. ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಇದರೊಳಗೇ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಮೀಸಲಾತಿಯೂ ಬರುತ್ತದೆ. ಹಾಗಾಗಿ ‘ಎಷ್ಟು ಅಂಕ ಬಂದರೆ ಸೀಟು’ ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ಒಂದೇ ಅಂಕ ಪಡೆದ ಇಬ್ಬರು ಮಕ್ಕಳಲ್ಲಿ ಒಬ್ಬರು ಒಳಗೆ, ಒಬ್ಬರು ಹೊರಗೆ ಆಗಬಹುದು. ಮಗು ಯಾವ ಸಾಲಿನಲ್ಲಿ ನಿಂತಿದೆ ಅನ್ನುವುದು ಅಷ್ಟು ಮುಖ್ಯ.

ನಿಮ್ಮ ಮಗಳು ನಿಂತಿರುವುದು ಗ್ರಾಮೀಣ ಸಾಲಿನಲ್ಲಿ, ಅದರಲ್ಲೂ ಹೆಣ್ಣುಮಗಳು. ಕೋಚಿಂಗ್‌ನವರು ಹೇಳದೇ ಬಿಟ್ಟ ಸಂಗತಿ ಇಲ್ಲಿದೆ. ಗ್ರಾಮೀಣ ಅಭ್ಯರ್ಥಿ ಅನ್ನಿಸಿಕೊಳ್ಳಲು ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯ ಹಾಜರಿಯಲ್ಲಿ ಹೆಸರಿದ್ದರೂ ನಗರದ ಅಭ್ಯರ್ಥಿ ಎಂದೇ ಲೆಕ್ಕ. ದುಡ್ಡೂ ಕೊಟ್ಟು, 60 ಸೀಟಿನ ಸಾಲಿನಿಂದ ಮಗುವನ್ನು ಎಬ್ಬಿಸಿಕೊಂಡೂ ಬಂದ ಹಾಗಾಗುತ್ತಿತ್ತು. ಪಕ್ಕದ ಜಿಲ್ಲೆಯ ಶಾಲೆಗೆ ಹಾಕಿದ್ದರೆ ಇನ್ನೂ ಕಷ್ಟ. ಯಾವ ಜಿಲ್ಲೆಯ ನವೋದಯಕ್ಕೆ ಬರೆಯುತ್ತಾಳೋ ಅದೇ ಜಿಲ್ಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು. ಇನ್ನೊಂದು ವಿಷಯ ವಿಚಾರಿಸಿಕೊಳ್ಳಿ: ಕೆಲವು ಹೋಬಳಿ ಕೇಂದ್ರಗಳು ಈಚೆಗೆ ಪಟ್ಟಣ ಪಂಚಾಯಿತಿಗಳಾಗಿವೆ. ನಿಮ್ಮ ಶಾಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲೇ ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ.

ಗ್ಯಾರಂಟಿಯ ಮಾತಿಗೆ ಬಂದರೆ, ಆ ಸೆಂಟರಿನ ಮುಂದೆ ಆಯ್ಕೆಯಾದ ಮಕ್ಕಳ ಫೋಟೋ ಹಾಕಿದ ಫ್ಲೆಕ್ಸ್ ಇರುತ್ತದಲ್ಲ, ಅದರಲ್ಲಿರುವ ಮುಖಗಳನ್ನು ಎಣಿಸಿ. ಆಮೇಲೆ ಒಳಗೆ ಹೋಗಿ, ಆ ವರ್ಷ ನಿಮ್ಮಲ್ಲಿ ಎಷ್ಟು ಮಕ್ಕಳು ಪರೀಕ್ಷೆಗೆ ಕೂತಿದ್ದರು ಎಂದು ಕೇಳಿ. ಎರಡನೇ ಸಂಖ್ಯೆ ಬಾಯಿಗೆ ಬರುವಾಗ ತೊದಲಿದರೆ ನಿಮ್ಮ ಉತ್ತರ ಸಿಕ್ಕಿತು. (ನಮ್ಮ ಮನೆಯಲ್ಲೂ ಒಬ್ಬ ಹುಡುಗನನ್ನು ಇಂಥದೇ ಫ್ಲೆಕ್ಸ್ ನೋಡಿ ಸೇರಿಸಿದ್ದೆವು. ಫ್ಲೆಕ್ಸ್‌ನಲ್ಲಿ ಅವನ ಮುಖ ಬರಲಿಲ್ಲ; ಫೀಜೂ ವಾಪಸ್ ಬರಲಿಲ್ಲ.)

ಇನ್ನು 61. ಮಗು ಕೂತು ಬರೆದದ್ದಕ್ಕೆ ಶಹಬ್ಬಾಸ್. ಆದರೆ ಪರೀಕ್ಷೆ ಇರುವುದು ಎರಡು ಗಂಟೆ, ನೀವು ಕೊಟ್ಟದ್ದು ಮೂರು. ಆ 61 ಅನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಗಡಿಯಾರ ಮುಂದಿಟ್ಟು, ಬೇರೆ ಬೇರೆ ವರ್ಷದ ನಾಲ್ಕೈದು ಪತ್ರಿಕೆ ಬರೆಸಿ. ಬಂದ ಅಂಕಗಳಲ್ಲಿ ಅತಿ ಕಡಿಮೆಯದನ್ನೇ ಅವಳ ಅಂಕ ಎಂದುಕೊಳ್ಳಿ. ನಾವು ತಂದೆತಾಯಿ ಅತಿ ಹೆಚ್ಚಿನದನ್ನು ನೆನಪಿಟ್ಟುಕೊಳ್ಳುತ್ತೇವೆ.

ನೀವು ಭಾಗವಾರು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಗಣಿತ, ಭಾಷೆ ಸೇರಿ 40ಕ್ಕೆ 35, ಅಲ್ಲಿ ಚಿಂತೆಯಿಲ್ಲ. ಕಳೆದುಕೊಂಡ 19ರಲ್ಲಿ 14 ಹೋಗಿರುವುದು ಬುದ್ಧಿಶಕ್ತಿ ಭಾಗದಲ್ಲಿ. 40 ಪ್ರಶ್ನೆಗೆ 50 ಅಂಕ, ಪೂರ್ತಿ ಪತ್ರಿಕೆಯ ಅರ್ಧ ಅದೇ. ಕ್ಲಾಸಿಗೆ ಮೊದಲು ಬರುವ ಮಕ್ಕಳು ಎಡವುವುದೂ ಹೆಚ್ಚಾಗಿ ಅಲ್ಲೇ, ಏಕೆಂದರೆ ಅದಕ್ಕೆ ಪಠ್ಯಪುಸ್ತಕವಿಲ್ಲ. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಸಿ ತೂತು ಮಾಡಿದ ಕಾಗದ ಬಿಡಿಸಿದಾಗ ತೂತುಗಳು ಎಲ್ಲೆಲ್ಲಿ, ಈ ಥರ. ಇದನ್ನು ಬಾಯಿಪಾಠ ಮಾಡಿಸಲು ಆಗದು. ಹಳೇ ಪೇಪರನ್ನು ನಾಲ್ಕು ಮಡಿಕೆ ಮಾಡಿ ಸೂಜಿಯಿಂದ ಚುಚ್ಚಿ, ಬಿಡಿಸುವ ಮೊದಲು ತೂತುಗಳ ಜಾಗ ಗುರುತು ಹಾಕಿಸಿ. ಬೆಳಿಗ್ಗೆ ಚುಕ್ಕಿ ರಂಗೋಲಿ ಇಡುವಾಗ ಅರ್ಧ ನೀವು ಬಿಡಿಸಿ, ಉಳಿದರ್ಧ ಅವಳು ಪೂರ್ತಿ ಮಾಡಲಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಆಟದಲ್ಲೇ ಕಲಿಸುವ ನಿಮಗೆ ನಾನು ಇದನ್ನು ಹೇಳಿಕೊಡಬೇಕಿಲ್ಲ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದು ಹೇಳಿ. ಓ.ಎಂ.ಆರ್. ಹಾಳೆಯ ವೃತ್ತ ತುಂಬುವುದನ್ನೂ ಮನೆಯಲ್ಲೇ ರೂಢಿ ಮಾಡಿಸಿ. ಒಂದು ಸಾಲು ತಪ್ಪಿದರೆ ಮುಂದಿನವೆಲ್ಲ ತಪ್ಪುತ್ತವೆ. ಪತ್ರಿಕೆ ಕನ್ನಡದಲ್ಲೇ ಸಿಗುತ್ತದೆ, ಅರ್ಜಿಗೆ ಶುಲ್ಕವಿಲ್ಲ.

ಇಷ್ಟಾದರೂ ಸಿಗುತ್ತದೆಯೇ? ಎರಡು ಗಂಟೆಯಲ್ಲಿ ಬರೆದ ಸರಿ ಉತ್ತರ 80ಕ್ಕೆ 65ರ ಆಸುಪಾಸು ಕದಲದೆ ನಿಂತರೆ ನಾನು ಆಸೆ ಇಟ್ಟುಕೊಳ್ಳುತ್ತೇನೆ, ಭರವಸೆ ಕೊಡುವುದಿಲ್ಲ. ಆರನೇ ತರಗತಿಗೆ ಎರಡನೇ ಸಲ ಬರೆಯಲು ಬಿಡುವುದಿಲ್ಲ, ಅದಕ್ಕೇ ಎರಡು ದೋಣಿಯಲ್ಲಿ ಕಾಲಿಡಬಾರದೆಂಬ ಗಾದೆಯನ್ನು ಈ ಒಂದು ವರ್ಷ ಮರೆತುಬಿಡಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೂ ಅರ್ಜಿ ಹಾಕಿಸಿ. ಅಲ್ಲಿ ಪಠ್ಯದ ಪ್ರಶ್ನೆಗಳೇ ಹೆಚ್ಚು, ನಿಮ್ಮ ಮಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಸೈನಿಕ ಶಾಲೆ ಕೊಡಗಿನ ಕೂಡಿಗೆಯಲ್ಲೂ ವಿಜಯಪುರದಲ್ಲೂ ಇದೆ, ಈಗ ಹೆಣ್ಣುಮಕ್ಕಳಿಗೂ ಪ್ರವೇಶ ಉಂಟು. ಆದರೆ ಅಲ್ಲಿ ಫೀಜು ಕಟ್ಟಬೇಕು, ಪರೀಕ್ಷೆಯ 300 ಅಂಕದಲ್ಲಿ 150 ಗಣಿತದ್ದೇ. ನವೋದಯ ಈ ಸಲ ತಪ್ಪಿದರೂ ಎಂಟನೇ ತರಗತಿ ಓದುವಾಗ, ಖಾಲಿ ಬಿದ್ದ ಸೀಟುಗಳಿಗೆ ಒಂಬತ್ತನೆಯದರ ಪರೀಕ್ಷೆ ನಡೆಯುತ್ತದೆ.

ಸಿಕ್ಕರೆ ಏನಾಗುತ್ತದೆ ಅನ್ನುವುದನ್ನೂ ಅವಳ ಮುಂದೆಯೇ ಮಾತಾಡಿ. ಒಂಬತ್ತನೇ ತರಗತಿಯಲ್ಲಿ ಇಲ್ಲಿನ ಕೆಲವು ಮಕ್ಕಳನ್ನು ಒಂದು ವರ್ಷಕ್ಕೆ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುವ ಪದ್ಧತಿಯಿದೆ.

ನಿಮ್ಮ ಪತ್ರದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ‘ಅಲ್ಲಿ ರಾತ್ರಿ ಲೈಟ್ ಆರಿಸ್ತಾರಾ?’ ಎಂದು ಬರೆದಿರುವುದು ನೀವಲ್ಲವೆಂದು ಊಹಿಸಿದ್ದೇನೆ. ಆರಿಸ್ತಾರೆ ಪುಟ್ಟಿ. ಆದರೆ ಅದೇ ಕೋಣೆಯಲ್ಲಿ ನಿನ್ನ ವಯಸ್ಸಿನ ಹುಡುಗಿಯರು ಇನ್ನೂ ಎಷ್ಟೋ ಜನ ಮಲಗಿರ್ತಾರೆ. ಅಮ್ಮನಿಗೆ ಹೇಳಿ ಒಂದು ಸಲ ನಿಮ್ಮ ಜಿಲ್ಲೆಯ ನವೋದಯ ಇರುವ ಮಾವಿನಕೆರೆಗೆ ಹೋಗಿ ಆ ಶಾಲೆಯನ್ನು ಹೊರಗಿನಿಂದಾದರೂ ನೋಡಿಕೊಂಡು ಬಾ.

– ಸಂ.