ನೂರು ಹೇಳುವ ಮಗುವಿಗೆ ಏಳು ಎಣಿಸಲು ಬಾರದೇಕೆ?

ಈ ಸಲದ ಪ್ರಶ್ನೆಗಳೆಲ್ಲ ಆರು ವರ್ಷದೊಳಗಿನ ಮಕ್ಕಳ ಗಣಿತದ ಬಗ್ಗೆಯೇ ಬಂದಿವೆ.

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಒಂದರಿಂದ ನೂರರವರೆಗೆ ಪಟಪಟನೆ ಹೇಳುತ್ತಾಳೆ. ಆದರೆ ‘ಡಬ್ಬಿಯಿಂದ ಏಳು ಚಕ್ಕುಲಿ ತಗೊಂಡು ಬಾ’ ಅಂದರೆ ಕೈಗೆ ಬಂದಷ್ಟು ತರುತ್ತಾಳೆ. ಏನಾದರೂ ತೊಂದರೆ ಇದೆಯೇ?
– ಒಬ್ಬ ತಾಯಿ, ಶಿರಸಿ

ಉತ್ತರ: ತೊಂದರೆ ಇಲ್ಲ. ನೂರರವರೆಗೆ ಹೇಳುವುದು ಪದ್ಯ ಒಪ್ಪಿಸಿದ ಹಾಗೆ, ನೆನಪಿನ ಕೆಲಸ. ಎಣಿಸುವಾಗ ಮೂರು ಸಂಗತಿ ಒಟ್ಟಿಗೆ ಕೂಡಬೇಕು. ಸಂಖ್ಯೆಗಳ ಕ್ರಮ ತಪ್ಪಬಾರದು. ಒಂದು ವಸ್ತುವಿಗೆ ಒಂದೇ ಸಂಖ್ಯೆ ಸಲ್ಲಬೇಕು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟಿದೆ ಎಂಬುದಕ್ಕೆ ಉತ್ತರ ಎಂದು ಗೊತ್ತಾಗಬೇಕು. ಕಷ್ಟ ಇರುವುದು ಮೂರನೆಯದರಲ್ಲಿ. ಮಕ್ಕಳು ಮೊದಲು ‘ಒಂದು’ ಎಂದರೆ ಎಷ್ಟೆಂದು ಕಲಿಯುತ್ತಾರೆ, ಕೆಲವು ತಿಂಗಳ ಮೇಲೆ ‘ಎರಡು’, ಆಮೇಲೆ ‘ಮೂರು’. ಬಹಳಷ್ಟು ಮಕ್ಕಳಿಗೆ ಎಣಿಕೆಯ ಈ ಗುಟ್ಟು ಬಿಚ್ಚಿಕೊಳ್ಳುವುದು ಮೂರೂವರೆ, ನಾಲ್ಕು ವರ್ಷದ ಆಸುಪಾಸಿನಲ್ಲಿ.

ಹೀಗೆ ನೋಡಿ. ಐದು ಬಾಳೆಹಣ್ಣು ಸಾಲಾಗಿಟ್ಟು ಎಣಿಸಲು ಹೇಳಿ. ಎಣಿಸಿ ಮುಗಿದ ಕೂಡಲೇ ‘ಹಾಗಾದರೆ ಎಷ್ಟಿವೆ?’ ಎಂದು ಕೇಳಿ. ‘ಐದು’ ಎಂದರೆ ಗುಟ್ಟು ಹಿಡಿದಿದ್ದಾಳೆ. ಮತ್ತೆ ಒಂದರಿಂದ ಎಣಿಸತೊಡಗಿದರೆ ಇನ್ನೂ ಹಿಡಿದಿಲ್ಲ. ಆಗ ಏಳನ್ನು ಬಿಟ್ಟು ಮೂರರಿಂದಲೇ ಶುರುಮಾಡಿ: ‘ಮೂರು ಚಮಚ ತಾ’, ‘ಅಪ್ಪನಿಗೆ ಎರಡು ದೋಸೆ ಹಾಕು’. ಮೂರು ಎಡವದೆ ಬಂದ ಮೇಲೆ ನಾಲ್ಕು.

ಎಣಿಸುವಾಗ ಹೆಚ್ಚಾಗಿ ತಪ್ಪುವುದು ಎರಡು ಕಡೆ. ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ. ಇಲ್ಲವೇ ಎಣಿಸಿದ್ದನ್ನೇ ಮತ್ತೆ ಎಣಿಸುತ್ತಾರೆ, ಅದರಲ್ಲೂ ವಸ್ತುಗಳು ಗುಂಪಾಗಿ ಹರಡಿದ್ದರೆ. ಎರಡಕ್ಕೂ ಒಂದೇ ಉಪಾಯ. ಪ್ರತಿಯೊಂದನ್ನೂ ಕೈಯಲ್ಲಿ ಎತ್ತಿ ಇನ್ನೊಂದು ತಟ್ಟೆಗೆ ಹಾಕುತ್ತ ಸಂಖ್ಯೆ ಹೇಳಲಿ. ಬೆರಳಿಟ್ಟು ತೋರಿಸುವುದು ಆಮೇಲೆ, ಕಣ್ಣಿನಲ್ಲೇ ಎಣಿಸುವುದು ಇನ್ನೂ ಆಮೇಲೆ.

ಪ್ರಶ್ನೆ: ಅಂಗನವಾಡಿಗೆ ಬರುವ ಮಕ್ಕಳ ಪಾಲಕರು ‘ನೂರರವರೆಗೆ ಬರೆಸಿ’ ಎಂದು ಒತ್ತಾಯಿಸುತ್ತಾರೆ. ಅವರಿಗೆ ಏನು ಹೇಳಲಿ? ಬರೆಸದಿದ್ದರೆ ಏನು ಮಾಡಿಸಲಿ?
– ಅಂಗನವಾಡಿ ಕಾರ್ಯಕರ್ತೆ, ಅಂಕೋಲಾ ತಾಲ್ಲೂಕು

ಉತ್ತರ: ಎಳೆಯ ಮಕ್ಕಳ ಓದು, ಬರಹ, ಗಣಿತದ ಬುನಾದಿ ಗಟ್ಟಿ ಮಾಡಲು 2021ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಗಳನ್ನೇ ಅವರಿಗೆ ತೋರಿಸಿ. ಒಂದನೇ ತರಗತಿಗೆ ಹೋಗುವ ಮೊದಲು ಮಗು 10ರವರೆಗಿನ ಅಂಕಿ ಗುರುತಿಸಿ ಓದಿದರೆ ಸಾಕು. 99ರವರೆಗೆ ಓದಿ ಬರೆಯುವುದು ಒಂದನೇ ತರಗತಿಯ ಗುರಿ. ಹಾಗೆಂದು ಈ ವಯಸ್ಸಿನ ಗಣಿತ ಹಗುರದ್ದೆಂದು ತಿಳಿಯಬಾರದು. ಅಮೆರಿಕ, ಕೆನಡಾ, ಬ್ರಿಟನ್ನಿನ 6 ದೀರ್ಘಕಾಲದ ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯೊಂದು 2007ರಲ್ಲಿ ಪ್ರಕಟವಾಯಿತು. ಶಾಲೆ ಸೇರುವ ಹೊತ್ತಿಗೆ ಮಗುವಿಗೆ ಇರುವ ಗಣಿತದ ತಿಳಿವಳಿಕೆಗೂ ಮುಂದಿನ ವರ್ಷಗಳ ಕಲಿಕೆಗೂ ಗಟ್ಟಿ ನಂಟಿದೆ ಎಂದು ಅದು ಕಂಡಿತು. ಆ ನಂಟು ಗಣಿತಕ್ಕೆ ಮಾತ್ರವಲ್ಲ, ಓದಿಗೂ ಇತ್ತು. ಅಲ್ಲಿ ಅಳೆದದ್ದು ಸಂಖ್ಯೆಯ ತಿಳಿವಳಿಕೆಯನ್ನು, ಪುಟ ತುಂಬಿಸಿದ್ದನ್ನಲ್ಲ.

ಮೊಟ್ಟೆ ತುಂಬಿ ಬರುವ 30ರ ಟ್ರೇ ನಿಮ್ಮಲ್ಲಿ ಇದ್ದೇ ಇರುತ್ತದೆ. ತೊಳೆಯಬಹುದಾದ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು. ರಟ್ಟಿನದಾದರೆ ಮೊಟ್ಟೆ ಒಡೆದು ಒದ್ದೆಯಾಗಿರದ್ದನ್ನು ಆರಿಸಿ, ಎರಡು ದಿನ ಬಿಸಿಲಿಗೆ ಇಡಿ. ಐದೈದು ಗುಳಿಯ ಎರಡು ಸಾಲು ಕತ್ತರಿಸಿದರೆ ಹತ್ತರ ಮನೆ ಸಿದ್ಧ. ಮೇಲಿನ ಸಾಲು ಎಡದಿಂದ ತುಂಬಿದ ಮೇಲೆಯೇ ಕೆಳಗಿನ ಸಾಲು, ಈ ನಿಯಮ ಬಿಡಬೇಡಿ. ಏಳು ಕಲ್ಲು ಹಾಕಿದ ಮಗುವಿಗೆ ಏಳೆಂದರೆ ಐದು ಮತ್ತು ಎರಡು, ಹತ್ತಕ್ಕೆ ಇನ್ನು ಮೂರು ಬೇಕು ಎಂಬುದು ಕಣ್ಣಿಗೇ ಕಾಣುತ್ತದೆ. ಮುಂದೆ 7 + 5 ಮಾಡುವಾಗ ಮೂರನ್ನು ಅತ್ತ ಕೊಟ್ಟು ಹತ್ತು ಮಾಡಿ, ಉಳಿದ ಎರಡನ್ನು ಸೇರಿಸುವ ಬುದ್ಧಿ ಇಲ್ಲಿಂದಲೇ ಬರುವುದು. ಸಿಕ್ಕಸಿಕ್ಕ ಗುಳಿಯಲ್ಲಿ ಹಾಕಲು ಬಿಟ್ಟರೆ ಅದು ಬರೀ ಡಬ್ಬಿಯಾಗಿ ಉಳಿಯುತ್ತದೆ.

ದಿನಕ್ಕೆ ಹದಿನೈದು ನಿಮಿಷ, ಐದಾರು ಮಕ್ಕಳ ಗುಂಪು ಸಾಕು. ಮೂರು ವರ್ಷದವರಿಗೆ ಕಲ್ಲು, ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೆ ಗೆರಟೆ, ಲೋಟ, ಬಟಾಟೆ ಇರಲಿ.

ಪ್ರಶ್ನೆ: ನಾವು ಮನೆಯಲ್ಲಿ ಕೊಂಕಣಿ ಮಾತಾಡುವವರು. ಮಗ ಇಂಗ್ಲಿಷ್ ಮಾಧ್ಯಮದ ಯುಕೆಜಿ. ‘ಥರ್ಟೀನ್’ಗೂ ‘ಥರ್ಟಿ’ಗೂ ಗೊಂದಲ, 25ರ ಬದಲು 52 ಬರೆಯುತ್ತಾನೆ. ಮನೆಯಲ್ಲೂ ಇಂಗ್ಲಿಷಿನಲ್ಲೇ ಎಣಿಸಬೇಕೇ?
– ಓದುಗರು, ಕಾರವಾರ

ಉತ್ತರ: ಬೇಡ. ಎಷ್ಟು ಎಂಬ ತಿಳಿವಳಿಕೆ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೆ ತಾನಾಗಿ ಹೋಗುತ್ತದೆ. ಹೊಸದಾಗಿ ಕಲಿಯಬೇಕಾದ್ದು ಹೆಸರು ಮಾತ್ರ. ಅವನ ಗೊಂದಲಕ್ಕೆ ಕಾರಣವೂ ಇದೆ. ಕೊಂಕಣಿಯ ‘ಪಂಚವೀಸ’ದಲ್ಲಿ ಐದು ಮೊದಲು ಕೇಳುತ್ತದೆ, ಇಪ್ಪತ್ತು ಆಮೇಲೆ. ಕೇಳಿದ ಕ್ರಮದಲ್ಲೇ ಬರೆದರೆ 52. ‘ಥರ್ಟೀನ್’ನಲ್ಲೂ ಮೂರೇ ಮುಂದೆ. ಕನ್ನಡದ ‘ಇಪ್ಪತ್ತೈದು’ ಬರೆಯುವ ಕ್ರಮದಲ್ಲೇ ಇದೆ. ನಿಮ್ಮ ಬೀದಿಯಲ್ಲಿ ಕನ್ನಡ ಇದ್ದೇ ಇದೆಯಲ್ಲ, ಅದನ್ನೂ ಬಳಸಿಕೊಳ್ಳಿ.

ಹಿಡಿಕಡ್ಡಿಯನ್ನು (ಪೊರಕೆಯ ಕಡ್ಡಿ) ಒಂದು ಗೇಣಿನ ಅರ್ಧದಷ್ಟು ಉದ್ದಕ್ಕೆ ಕತ್ತರಿಸಿ ಎಂಬತ್ತು ತುಂಡು ಮಾಡಿ. ಚೂಪು ತುದಿ ತೆಗೆದುಬಿಡಿ. ಹತ್ತು ಕಡ್ಡಿ ಎಣಿಸಿ ರಬ್ಬರ್ ಬ್ಯಾಂಡ್ ಹಾಕುವ ಕೆಲಸ ಮಗನದೇ ಆಗಿರಲಿ. ನೀವು ಕಟ್ಟಿ ಕೊಟ್ಟ ಕಟ್ಟು ಅವನಿಗೆ ‘ಒಂದು ವಸ್ತು’ವಾಗಿ ಕಾಣುತ್ತದೆಯೇ ಹೊರತು ಹತ್ತಾಗಿ ಅಲ್ಲ. ಎರಡು ಕಟ್ಟು ಎಡಕ್ಕೆ, ಐದು ಬಿಡಿ ಬಲಕ್ಕೆ, ಅದರ ಕೆಳಗೆ 2, 5 ಬರೆಯಲಿ. ಪಕ್ಕದಲ್ಲೇ ಐದು ಕಟ್ಟು, ಎರಡು ಬಿಡಿ ಇಟ್ಟು ಯಾವುದು ಹೆಚ್ಚು ಎಂದು ಕೇಳಿ. ಅನುಮಾನ ಬಂದರೆ ಕಟ್ಟು ಬಿಚ್ಚಿ ಎಣಿಸಲಿ.

ಪ್ರಶ್ನೆ: ಐದು ವರ್ಷದ ಮೊಮ್ಮಗನಿಗೆ ಈಗಲೇ ಮಗ್ಗಿ ಬಾಯಿಪಾಠ ಮಾಡಿಸಬಹುದೇ? ನಮಗೆಲ್ಲ ಇಪ್ಪತ್ತರವರೆಗೆ ಬರುತ್ತಿತ್ತು.
– ಹಿರಿಯ ಓದುಗರು, ಸಿದ್ದಾಪುರ

ಉತ್ತರ: ಮಗ್ಗಿ ಬೇಕು, ಆದರೆ ಈಗಲ್ಲ. ‘ನಾಲ್ಕರ ಮೂರು ಗುಂಪು’ ಎಂಬುದನ್ನು ಕೈಯಾರೆ ಮಾಡಿ ನೋಡಿದ ಮೇಲೆ, ಎರಡನೇ ತರಗತಿಯ ಹೊತ್ತಿಗೆ ಶುರುಮಾಡಿದರೆ ಬಾಯಿಪಾಠವೂ ಬೇಗ ನಿಲ್ಲುತ್ತದೆ. ಅಲ್ಲಿಯವರೆಗೆ ಚೆನ್ನೆಮಣೆ ಹೊರಗೆ ತೆಗೆಯಿರಿ. ಏಳೇಳರ ಎರಡು ಸಾಲು, ಗುಳಿಗೆ ನಾಲ್ಕರಂತೆ 56 ಕಾಯಿ. ಗುಳಿಗೊಂದರಂತೆ ಹಾಕುತ್ತ ಹೋಗುವುದೇ ಎಣಿಕೆಯ ಮೊದಲ ಪಾಠ. ‘ಈ ಗುಳಿಯಿಂದ ಎತ್ತಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ?’ ಎಂದು ಮೊದಲೇ ಕೇಳಿದರೆ ಮುಂದಿನ ಪಾಠ. ಮೊದಲ ವಾರ ಸೋಲು ಗೆಲುವು ಬೇಡ, ಹಂಚುವುದು ಸಾಕು. ಹುಣಸೆ ಬೀಜ ಬಳಸಿ; ಗುಲಗಂಜಿ ವಿಷಕಾರಿ, ಮಗು ಅಗಿದರೆ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಐದೂವರೆ ವರ್ಷದ ಮಗಳು 3, 7 ಉಲ್ಟಾ ಬರೆಯುತ್ತಾಳೆ. ವೈದ್ಯರಿಗೆ ತೋರಿಸಬೇಕೇ?
– ಓದುಗರು, ಕುಮಟಾ

ಉತ್ತರ: ಈಗ ಬೇಡ. ಆರು, ಏಳು ವರ್ಷದವರೆಗೆ ಇದು ಸಾಮಾನ್ಯ. ಕೆಂಪು ಮಸಿಯಲ್ಲಿ ತಿದ್ದಬೇಡಿ. ಹೊಯಿಗೆಯಲ್ಲಿ ದೊಡ್ಡದಾಗಿ ಬೆರಳಾಡಿಸಲಿ, ಎಲ್ಲಿಂದ ಶುರುಮಾಡಬೇಕೋ ಅಲ್ಲಿ ಒಂದು ಚುಕ್ಕೆ ಇಟ್ಟುಕೊಡಿ. ಏಳೂವರೆ ದಾಟಿದ ಮೇಲೂ ಹಾಗೇ ಇದ್ದು, ಜೊತೆಗೆ ಎಂಟು ಹೆಚ್ಚೋ ಐದು ಹೆಚ್ಚೋ ಎಂಬುದರಲ್ಲೂ ತಡವರಿಸಿದರೆ ಶಾಲೆಯ ಶಿಕ್ಷಕರ ಜೊತೆ ಮಾತಾಡಿ, ಕಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಮಕ್ಕಳ ವೈದ್ಯರನ್ನು ಕಾಣಿ.